ಗೋಡೆ ನೀರು ಕುಡಿಯುವ ಬಗೆ

ನೀರು ತಗ್ಗಿಗೆ ಹರಿಯುತ್ತದೆ ಎಂಬುದು ಒಂದನೇ ತರಗತಿಯ ಮಗುವಿಗೂ ಗೊತ್ತು. ಹಾಗಿದ್ದರೆ ನೆಲದಲ್ಲಿರುವ ನೀರು ಗೋಡೆಯಲ್ಲಿ ಎರಡು ಮೂರು ಅಡಿ ಮೇಲಕ್ಕೆ ಹತ್ತುವುದು ಹೇಗೆ? ನನ್ನ ಮೊಮ್ಮಗಳು ಕೇಳಿದ ಪ್ರಶ್ನೆ ಇದು. ಉತ್ತರ ದೇವರ ಮನೆಯಲ್ಲಿದೆ, ಹೋಗಿ ನೋಡು ಎಂದೆ.

ಹಣತೆಯಲ್ಲಿ ಎಣ್ಣೆ ಇರುವುದು ತಳದಲ್ಲಿ, ಉರಿ ಇರುವುದು ಬತ್ತಿಯ ತುದಿಯಲ್ಲಿ. ಎಣ್ಣೆಯನ್ನು ಯಾರೂ ಮೇಲಕ್ಕೆ ಎತ್ತಿ ಹಾಕುವುದಿಲ್ಲ. ಹತ್ತಿಯ ಎಳೆಗಳ ನಡುವಿನ ಕಿರಿದಾದ ಸಂದುಗಳಲ್ಲಿ ಅದು ತಾನಾಗಿ ಏರುತ್ತದೆ. ಸಂದು ಕಿರಿದಾದಷ್ಟೂ ಏರುವ ಎತ್ತರ ಹೆಚ್ಚು. ಇಟ್ಟಿಗೆ, ಗಾರೆ, ಕಾಂಕ್ರೀಟು ಕೈಗೆ ಗಟ್ಟಿ ಎನಿಸಿದರೂ ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು. ಮಕ್ಕಳೇ, ಒಂದು ತಟ್ಟೆಯಲ್ಲಿ ಸ್ವಲ್ಪ ಶಾಯಿ ನೀರು ಹಾಕಿ ಸೀಮೆಸುಣ್ಣದ ತುಂಡನ್ನು ನಿಲ್ಲಿಸಿ ನೋಡಿ. ನಮ್ಮ ಮನೆ ಗೋಡೆಯಲ್ಲಿ ಮಳೆಗಾಲವಿಡೀ ನಡೆಯುವುದು ಅದೇ.

ಏರಿದ ನೀರು ಗಾಳಿಗೆ ಆರಿಹೋಗುತ್ತದೆ. ಮಣ್ಣಿನಿಂದ ಅದು ಹೊತ್ತು ತಂದ ಉಪ್ಪು ಮಾತ್ರ ಗೋಡೆಯಲ್ಲೇ ಉಳಿದು ಹರಳುಗಟ್ಟುತ್ತದೆ. ಹರಳು ಬೆಳೆಯುತ್ತ ಗಾರೆಯನ್ನು ಹೊರಕ್ಕೆ ತಳ್ಳುತ್ತದೆ. ಗೋಡೆಯ ಬುಡದಲ್ಲಿ ಬಿಳಿ ಪುಡಿ ಉದುರುವುದು, ಬಣ್ಣ ಹಪ್ಪಳದಂತೆ ಉಬ್ಬಿ ಏಳುವುದು ಇದರಿಂದಲೇ. ಇದನ್ನು ತಡೆಯಲು ಮೇಸ್ತ್ರಿಗಳು ಪಾಯ ಮುಗಿದು ಗೋಡೆ ಏಳುವ ಜಾಗದಲ್ಲಿ, ನೆಲಮಟ್ಟಕ್ಕಿಂತ ಮೇಲೆ, ನೀರು ನಿರೋಧಕ ಪುಡಿ ಬೆರೆಸಿದ ಕಾಂಕ್ರೀಟಿನ ಒಂದು ಪದರ ಹಾಕುತ್ತಾರೆ. ದಪ್ಪ ಒಂದರಿಂದ ಒಂದೂವರೆ ಅಂಗುಲ, ಅಷ್ಟೇ. ಬತ್ತಿಯನ್ನು ನಡುವೆ ಕತ್ತರಿಸಿದ ಹಾಗೆ.

ನೆಲದ ಕೆಳಗೆ ಕೋಣೆ ಕಟ್ಟಿದರೆ ಮಾತ್ರ ಈ ಒಂದು ಪದರ ಸಾಲದು. ಅಲ್ಲಿ ಗೋಡೆಯ ಬೆನ್ನಿಗೇ ಮಣ್ಣು. ಮಳೆ ಹೆಚ್ಚಾಗಿ ಆ ಮಣ್ಣು ನೀರು ತುಂಬಿಕೊಂಡಿತೆಂದರೆ ನೀರು ಬರೀ ಏರುವುದಿಲ್ಲ, ಒತ್ತುತ್ತದೆ. ಒಂದು ಮೀಟರ್ ಆಳದಲ್ಲಿ ಒಂದು ಚದರ ಮೀಟರಿನ ಮೇಲೆ ನೀರಿನ ಒತ್ತಡ ಸುಮಾರು ಒಂದು ಟನ್. ಅಂದರೆ 50 ಕೆ.ಜಿ.ಯ 20 ಸಿಮೆಂಟ್ ಮೂಟೆ! ಖಾಲಿ ಚೊಂಬನ್ನು ಬಕೆಟ್ ನೀರಿನಲ್ಲಿ ಅದುಮಿ ನೋಡಿ, ಕೈಯನ್ನು ಹೇಗೆ ಮೇಲಕ್ಕೆ ನೂಕುತ್ತದೆ ಎಂದು. ನೆಲಮಾಳಿಗೆಯ ನೆಲವನ್ನೂ ನೀರು ಹಾಗೆಯೇ ಮೇಲಕ್ಕೆ ನೂಕುತ್ತದೆ.

ಬೆಂಗಳೂರಿನಲ್ಲಿ ಇದು ದೊಡ್ಡ ವಿಷಯ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ. 2022ರ ಸೆಪ್ಟೆಂಬರ್ ಮಳೆಗೆ ಊರಿನ ಪೂರ್ವ ಭಾಗದಲ್ಲಿ ಎಷ್ಟೋ ಕಟ್ಟಡಗಳ ಬೇಸ್‌ಮೆಂಟ್ ತುಂಬಿ ಕಾರುಗಳು ಮುಳುಗಿದ್ದನ್ನು ಟಿ.ವಿ.ಯಲ್ಲಿ ನೀವೂ ನೋಡಿರುತ್ತೀರಿ. ನಾವು ಕೆರೆಯನ್ನು ಮರೆತರೂ ನೀರು ದಾರಿ ಮರೆಯುವುದಿಲ್ಲ.

ನಮ್ಮ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ವಯಸ್ಸು 78. ಮಗ ಮನೆ ಕಟ್ಟಿಸುವಾಗ ನೆಲದಿಂದ ನಾಲ್ಕಡಿ ಕೆಳಗಿರುವ ತಂಪಾದ ಕೋಣೆಯನ್ನು ಅವರಿಗೆಂದೇ ಮಾಡಿಸಿದ. ಮಂಚ, ನಾಲ್ಕು ಬೀರು ಪುಸ್ತಕ. ಐದು ಮಳೆಗಾಲದಲ್ಲಿ ಮೂರು ಸಲ ಒಳಗೆ ಬಣ್ಣ ಬಳಿಸಿದರು. ಪ್ರತಿ ಸಲವೂ ‘ವಾಟರ್‌ಪ್ರೂಫ್’ ಬಣ್ಣವೇ. ಪ್ರತಿ ಸಲವೂ ದೀಪಾವಳಿಯ ಹೊತ್ತಿಗೆ ಅದು ಎದ್ದು ಬಂತು. ಪುಸ್ತಕಗಳಿಗೆ ಬೂಷ್ಟು ಹಿಡಿಯಿತು. ಮೇಷ್ಟ್ರಿಗೆ ಗೂರಲು. ಬೂಷ್ಟಿನ ಗಾಳಿಯಲ್ಲಿ ಮಲಗಬೇಡಿ, ಕೋಣೆ ಬದಲಾಯಿಸಿ ಎಂದರು ಡಾಕ್ಟರು. ಪುಸ್ತಕ ಬಿಟ್ಟು ನಾನು ಎಲ್ಲಿಗೆ ಹೋಗಲಿ ಎಂದು ಮೇಷ್ಟ್ರ ಹಟ.

ಮಳೆ ಬರುವಾಗ ರೇನ್‌ಕೋಟನ್ನು ಅಂಗಿಯ ಒಳಗೆ ಹಾಕಿಕೊಳ್ಳುತ್ತೇವೆಯೇ? ಒಳಗೋಡೆಗೆ ಬಳಿದ ಬಣ್ಣ ಹಾಗೆ. ನೀರು ಹಿಂದಿನಿಂದ ಬಂದು ಅದನ್ನು ಕಳಚಿ ಹಾಕುತ್ತದೆ. ಇದನ್ನು ಮೇಷ್ಟ್ರ ಮಗನಿಗೆ ಹೇಳಿದೆ. ಅಂಕಲ್, ಅದು ಗಾಳಿಯ ತೇವ ಇರಬಹುದು ಎಂದ. ಸರಿ, ಪರೀಕ್ಷೆ ಮಾಡೋಣ ಎಂದು ಗೋಡೆಯ ಒಂದು ಚದರ ಅಡಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿದೆವು. ಕೋಣೆಯ ಕಡೆಯ ಮೈಯಲ್ಲಿ ಹನಿ ಕಟ್ಟಿದರೆ ಅದು ಗಾಳಿಯ ತೇವ; ಕಿಟಕಿ ತೆರೆದಿಟ್ಟು ಫ್ಯಾನು ಹಾಕಿದರೆ ಕಡಿಮೆಯಾಗುತ್ತದೆ. ಹನಿ ಹಾಳೆಯ ಹಿಂದೆ ಕಟ್ಟಿದರೆ ಅದು ಗೋಡೆಯಿಂದ ಬಂದದ್ದು. ಎರಡು ದಿನ ಬಿಟ್ಟು ನೋಡಿದಾಗ ಹಿಂದೆಯೇ ಹನಿ ಸಾಲುಗಟ್ಟಿತ್ತು.

ಆ ಗೋಡೆಯ ಆಚೆಗೆ ನೀರಿನ ಸಂಪು. ರಾತ್ರಿ ಸಂಪು ತುಂಬಿಸಿ, ನಲ್ಲಿ ಮೋಟಾರು ಎಲ್ಲ ನಿಲ್ಲಿಸಿ, ನೀರಿನ ಮಟ್ಟಕ್ಕೆ ಗುರುತು ಹಾಕಿದೆವು. ಬೆಳಿಗ್ಗೆ ಎರಡು ಸೆಂಟಿಮೀಟರ್ ಇಳಿದಿತ್ತು. ಅಷ್ಟೇನಾ ಎಂದರು ಮನೆಯವರು. ಬ್ಯಾಂಕಿನಲ್ಲಿ ಸವೆದ ಜೀವ, ಲೆಕ್ಕ ಹಾಕದೆ ಬಿಡುವುದುಂಟೆ? ಆರಡಿ ಉದ್ದ ಆರಡಿ ಅಗಲದ ಸಂಪಿನಲ್ಲಿ ಎರಡು ಸೆಂಟಿಮೀಟರ್ ಎಂದರೆ ಸುಮಾರು 67 ಲೀಟರ್. ಒಂದೇ ರಾತ್ರಿಗೆ ನಾಲ್ಕು ಕೊಡಕ್ಕಿಂತ ಹೆಚ್ಚು ನೀರು ಮೇಷ್ಟ್ರ ಗೋಡೆಯ ಬೆನ್ನಿಗೆ. (ಮಕ್ಕಳು ಸಂಪಿನ ಮುಚ್ಚಳ ತೆಗೆಯಬಾರದು, ಒಳಗೆ ಇಳಿಯಲಂತೂ ಕೂಡದು. ಅಲ್ಲಿನ ಗಾಳಿ ಕೆಟ್ಟಿರಬಹುದು.)

ನೆಲದೊಳಗಿನ ಕೋಣೆ ಒಣಗಿರಲು ಸಾಧ್ಯವೇ ಇಲ್ಲ ಎನ್ನುವವರೂ ಉಂಟು. ಉತ್ತರ ಕರ್ನಾಟಕದ ಅಜ್ಜ ಅಜ್ಜಿಯರನ್ನು ಹಗೇವಿನ ಬಗ್ಗೆ ಕೇಳಿ. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಇಡುತ್ತಿದ್ದರು. ನೀರು ನಿಲ್ಲದ ಎತ್ತರದ, ಗಟ್ಟಿ ಮಣ್ಣಿನ ಜಾಗ ನೋಡಿ ಅಗೆಯುವುದು, ಸುತ್ತ ಒಣ ಹುಲ್ಲು ಹೊಟ್ಟು ಕೊಡುವುದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ತೆಗೆಯುವ ದಿನ ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಅವರ ಬಳಿ ರಾಸಾಯನಿಕ ಡಬ್ಬಿಗಳಿರಲಿಲ್ಲ. ನೀರು ಎಲ್ಲಿಂದ ಬರುತ್ತದೆ ಎಂದು ಮೊದಲು ನೋಡುತ್ತಿದ್ದರು, ಆಮೇಲೆ ಗುದ್ದಲಿ ಎತ್ತುತ್ತಿದ್ದರು.

ಮೇಷ್ಟ್ರ ಮನೆಗೆ ಬಂದ ಹೊಸ ಮೇಸ್ತ್ರಿಯೂ ಆ ಜಾಯಮಾನದವನೇ. ಮೊದಲು ಸಂಪಿನ ಬಿರುಕು ಮುಚ್ಚಿಸಿದ. ಗೋಡೆಗೆ ಒರಗಿದಂತಿದ್ದ ಹೂವಿನ ಪಾತಿಯನ್ನು ದೂರ ಮಾಡಿಸಿದ. ತಾರಸಿಯ ಮಳೆನೀರಿನ ಪೈಪು ಪಾಯದ ಬುಡಕ್ಕೇ ಸುರಿಯುತ್ತಿತ್ತು, ಅದನ್ನು ತಿರುಗಿಸಿದ. ಈಗ ಹೊರಗೆ ಅಗೆಯುತ್ತಿದ್ದಾನೆ. ಇಡೀ ಗೋಡೆಯ ಉದ್ದಕ್ಕೆ ಒಮ್ಮೆಗೇ ಅಗೆದರೆ ಪಾಯಕ್ಕೆ ಅಪಾಯ, ಆದ್ದರಿಂದ ತುಂಡು ತುಂಡಾಗಿ, ಪಾಯದ ತಳಕ್ಕೆ ಕೈಹಾಕದೆ. ಗೋಡೆ ತೊಳೆದು, ಒಣಗಿಸಿ, ಬಿರುಕು ತುಂಬಿ, ಡಾಂಬರಿನ ಹಾಳೆಯನ್ನು ಹೊರಮೈಗೆ ಅಂಟಿಸಬೇಕು. ಅದಕ್ಕೆ ಮಣ್ಣಿನ ಕಲ್ಲು ತಾಗದಂತೆ ರಕ್ಷಣೆ ಕೊಡಬೇಕು. ಬುಡದಲ್ಲಿ ಜಲ್ಲಿ, ಜಲ್ಲಿಯೊಳಗೆ ತೂತಿನ ಪೈಪು. ಬಂದ ನೀರು ಗೋಡೆಯನ್ನು ಒತ್ತದೆ ಹರಿದುಹೋಗಲಿ ಎಂದು. ಗೋಡೆಯೂ ನೆಲವೂ ಕೂಡುವ ಮೂಲೆಯೇ ಎಲ್ಲಕ್ಕಿಂತ ಹೆಚ್ಚು ಸೋರುವ ಜಾಗವಂತೆ. ಅಲ್ಲಿ ಅವನು ಅರ್ಧ ದಿನ ಕೂತ.

ಮೂರು ಸಲದ ಬಣ್ಣದ ಬಿಲ್ಲುಗಳನ್ನು ಕೂಡಿಸಿ ಈ ಕೆಲಸದ ಅಂದಾಜಿನ ಪಕ್ಕದಲ್ಲಿ ಬರೆದುಕೊಟ್ಟೆ. ಅಂದಾಜೇ ಕೊಂಚ ಹೆಚ್ಚು. ಮಗ ಹಾಳೆಯನ್ನು ತುಸು ಹೊತ್ತು ನೋಡಿ, ಡಾಕ್ಟರ ಬಿಲ್ಲು ಸೇರಿಸಿಲ್ಲವಲ್ಲ ಅಂಕಲ್ ಎಂದ. ಮೃಗಶಿರ ಮಳೆಗೆ ಇನ್ನು ಮೂರು ವಾರ. ಮೇಷ್ಟ್ರು ಸದ್ಯಕ್ಕೆ ಮೇಲಿನ ಹಾಲಿನಲ್ಲಿ ಮಲಗುತ್ತಿದ್ದಾರೆ. ಪುಸ್ತಕಗಳೆಲ್ಲ ತಾರಸಿಯಲ್ಲಿ ಬಿಸಿಲಿಗೆ ಹರಡಿವೆ. ಸಂಜೆ ಅವನ್ನು ಒಳಗೆ ತರುವ ಕೆಲಸ ಬೀದಿಯ ಮಕ್ಕಳದು.