ಬೆಟ್ಟದ ಮೇಲಿಂದ ಭೂಮಿ ದುಂಡಗೆ ಕಾಣುತ್ತದೆಯೇ?

ಕೊಡಚಾದ್ರಿಗೆ ಪ್ರವಾಸ ಹೋಗಿ ಬಂದ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ ಮೊನ್ನೆ ಕೇಳಿದ: "ಸಾರ್, ಮೇಲಿಂದ ಸಮುದ್ರ ಕಂಡಿತು. ಆದರೆ ಭೂಮಿಯ ಬಾಗು ಕಾಣಲೇ ಇಲ್ಲ. ಯಾಕೆ?" ಪ್ರಶ್ನೆ ಕೇಳಿ ನನ್ನ ಹಳೆಯ ತಪ್ಪೊಂದು ನೆನಪಾಯಿತು.

ಇಪ್ಪತ್ತೈದು ವರ್ಷಗಳ ಹಿಂದೆ ಅದೇ ಬೆಟ್ಟಕ್ಕೆ ನಾನೂ ಮಕ್ಕಳನ್ನು ಕರೆದೊಯ್ದಿದ್ದೆ. ಪಶ್ಚಿಮಕ್ಕೆ ಕೈ ತೋರಿಸಿ, "ನೋಡಿ, ದಿಗಂತ ಬಿಲ್ಲಿನಂತೆ ಬಾಗಿದೆ" ಎಂದೆ. "ಹೌದು ಸಾರ್" ಎಂದರು ಮಕ್ಕಳು. ಒಬ್ಬ ಹುಡುಗಿ ಮಾತ್ರ ಚೀಲದಿಂದ ಅಡಿಪಟ್ಟಿ ತೆಗೆದು ದಿಗಂತಕ್ಕೆ ಹಿಡಿದಳು. "ನೇರವಾಗಿಯೇ ಇದೆಯಲ್ಲ ಸಾರ್" ಎಂದಳು. "ಸರಿಯಾಗಿ ನೋಡು" ಎಂದು ಗದರಿದೆ. ಅವಳು ಅಡಿಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಸುಮ್ಮನಾದಳು. ಮನೆಗೆ ಬಂದು ಲೆಕ್ಕ ಹಾಕಿದಾಗ ತಪ್ಪು ನನ್ನದೆಂದು ತಿಳಿಯಿತು.

ವಿದ್ಯಾರ್ಥಿ ಮಿತ್ರರೇ, ಅಮ್ಮನ ಬಳೆಯೊಂದನ್ನು ಕಣ್ಣಿನ ಮಟ್ಟದಲ್ಲಿ ಮಲಗಿಸಿ ಹಿಡಿಯಿರಿ. ಅದು ನೇರ ಗೆರೆಯಂತೆ ಕಾಣುತ್ತದೆ. ನಿಧಾನವಾಗಿ ಕೆಳಗಿಳಿಸಿ, ಅದರ ದುಂಡು ತೆರೆದುಕೊಳ್ಳುತ್ತದೆ. ದಿಗಂತವೂ ಇಂಥದೊಂದು ದೊಡ್ಡ ಬಳೆ. ವ್ಯತ್ಯಾಸವಿಷ್ಟೆ, ನಾವು ಅದರ ನಡುವೆ ನಿಂತಿರುತ್ತೇವೆ. ಕೊಡಚಾದ್ರಿಯ ಎತ್ತರ 1,343 ಮೀಟರ್. ಅಲ್ಲಿಂದ ಕಡಲಿನ ದಿಗಂತ ಸುಮಾರು 130 ಕಿಲೋಮೀಟರ್ ದೂರವಿದ್ದು, ಕಣ್ಣಿನ ಮಟ್ಟಕ್ಕಿಂತ ಕೇವಲ 1.2 ಡಿಗ್ರಿ ಕೆಳಗಿರುತ್ತದೆ. ಒಂದು ಅಡಿಯ ಪಟ್ಟಿಯನ್ನು ಕೈ ಚಾಚಿ ಹಿಡಿದರೆ, ಅದರ ತುದಿಯಿಂದ ತುದಿಗೆ ದಿಗಂತದ ಬಾಗು ಅರ್ಧ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಮಬ್ಬು ಕವಿದ ಕಡಲಂಚಿನಲ್ಲಿ ಇಷ್ಟನ್ನು ಯಾವ ಕಣ್ಣು ಗುರುತಿಸೀತು?

ಸುಮಾರು 35,000 ಅಡಿ ಎತ್ತರದಲ್ಲಿ ಹಾರುವ ವಿಮಾನದಿಂದ ನೋಡಿದರೂ ಈ ಬಾಗು ಒಂದು ಮಿಲಿಮೀಟರಿನಷ್ಟೇ. ಮೋಡವಿಲ್ಲದೆ, ವಿಶಾಲವಾದ ನೋಟ ಸಿಕ್ಕರೆ ಮಾತ್ರ ಅದು ಗೊತ್ತಾಗುತ್ತದೆ. 1935ರಲ್ಲಿ ಅಮೆರಿಕದ 'ಎಕ್ಸ್‌ಪ್ಲೋರರ್-2' ಬಲೂನು ಇಬ್ಬರನ್ನು ಹೊತ್ತು 22 ಕಿಲೋಮೀಟರ್ ಮೇಲೇರಿತು. ಅಲ್ಲಿಂದ ತೆಗೆದ ಚಿತ್ರದಲ್ಲಿ ಭೂಮಿಯ ಬಾಗು ಕಂಡಿತು. ಇಂದಿನ ಮೊಬೈಲ್ ಚಿತ್ರಗಳನ್ನು ಮಾತ್ರ ಹಾಗೆಯೇ ನಂಬಬೇಡಿ. ಅಗಲ ನೋಟದ ಮಸೂರಗಳು ನೇರ ಗೆರೆಯನ್ನೂ ಬಾಗಿಸಬಲ್ಲವು.

ಹಾಗಾದರೆ ಬೆಟ್ಟ ಹತ್ತಿದವರಿಗೆ ಭೂಮಿಯ ದುಂಡುತನದ ಸಾಕ್ಷಿ ಸಿಗುವುದೇ ಇಲ್ಲವೇ? ಸಿಗುತ್ತದೆ, ಆದರೆ ಬೇರೆ ಕಡೆ ಹುಡುಕಬೇಕು. ಭೂಮಿ ಕೊನೆಯಿಲ್ಲದ ಚಪ್ಪಟೆ ಹಾಳೆಯಾಗಿದ್ದರೆ, ಎಷ್ಟು ಮೇಲೇರಿದರೂ ದಿಗಂತ ಕಣ್ಣಿನ ಮಟ್ಟದಲ್ಲೇ ಇರುತ್ತಿತ್ತು. ಅದು ಕೆಳಗಿಳಿಯುವುದೇ ಸಾಕ್ಷಿ. ಹನ್ನೊಂದನೆಯ ಶತಮಾನದಲ್ಲಿ ಅಲ್ ಬೀರೂನಿ ಎಂಬ ವಿದ್ವಾಂಸ, ಈಗ ಪಾಕಿಸ್ತಾನದ ಪಂಜಾಬಿನಲ್ಲಿರುವ ನಂದನಾ ಕೋಟೆಯ ಬಳಿಯ ಬೆಟ್ಟದಿಂದ ಈ ಇಳಿತವನ್ನು ಅಳೆದ. ಅವನಿಗೆ ದೊರೆತದ್ದು ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಅದರಿಂದಲೇ ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದ.

ನೀವೂ ಇದನ್ನು ನೋಡಬಹುದು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪಿಗೆ ಬಣ್ಣದ ನೀರು ತುಂಬಿ. ಎರಡು ತುದಿಗಳನ್ನೂ ಮೇಲಕ್ಕೆ ಮಾಡಿ, ಒಂದು ಮೀಟರ್ ಅಂತರದಲ್ಲಿ ಒಂದರ ಹಿಂದೆ ಒಂದನ್ನು ನಿಲ್ಲಿಸಿ. ಹತ್ತಿರದ ನೀರಿನ ಮಟ್ಟಕ್ಕೆ ಕಣ್ಣಿಟ್ಟು, ಆಚೆಯ ನೀರಿನ ಮಟ್ಟದ ಮೂಲಕ ಕಡಲಿನತ್ತ ನೋಡಿ. ಕೊಡಚಾದ್ರಿಯಂಥ ಎತ್ತರದಲ್ಲಿ, ದಿಗಂತ ಆಚೆಯ ನೀರಿನ ಮಟ್ಟಕ್ಕಿಂತ ಸುಮಾರು 2 ಸೆಂಟಿಮೀಟರ್ ಕೆಳಗೆ ಕಾಣಬೇಕು. ಮಳೆಗಾಲ ಮುಗಿದ ಮೇಲೆ ಆಕಾಶ ತಿಳಿಯಾಗಿರುವ ದಿನವನ್ನು ಆರಿಸಿಕೊಳ್ಳಿ. ಜೊತೆಯಲ್ಲಿ ಹಿರಿಯರಿರಲಿ, ಬೆಟ್ಟದ ಅಂಚಿಗೆ ಹೋಗಬೇಡಿ.

ಪಾಲಕರಿಗೂ ಒಂದು ಮಾತು. ಮಗು "ನನಗೆ ಹಾಗೆ ಕಾಣುತ್ತಿಲ್ಲ" ಎಂದರೆ ಗದರಬೇಡಿ, ಪಕ್ಕದಲ್ಲಿ ಕುಳಿತು ನೀವೂ ಒಮ್ಮೆ ನೋಡಿ. ಅಂದು "ಹೌದು ಸಾರ್" ಎಂದ ಮಕ್ಕಳು ನೋಡಿದ್ದು ದಿಗಂತವನ್ನಲ್ಲ, ನನ್ನ ಮುಖವನ್ನು.

ಅಡಿಪಟ್ಟಿ ಹಿಡಿದ ಆ ಹುಡುಗಿಗೆ ಈಗ ನಲವತ್ತರ ಹತ್ತಿರ ವಯಸ್ಸಾಗಿರಬೇಕು. ಅವಳ ಮಕ್ಕಳೂ ಈ ಪುಟ ಓದುತ್ತಿರಬಹುದು. ಓದಿದರೆ ನಿಮ್ಮ ತಾಯಿಗೆ ಹೇಳಿ: ಅಂದು ಅವರು ನೋಡಿದ್ದೇ ಸರಿ, ಮೇಷ್ಟ್ರು ಒಪ್ಪಿಕೊಂಡಿದ್ದಾರೆ.