ಮಾದಕ ವ್ಯಸನ: ಪ್ರತಿಜ್ಞೆಯೊಂದೇ ಸಾಲದು

2025ರ ಮಾರ್ಚ್ ತಿಂಗಳಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿನಲ್ಲಿ ಇಬ್ಬರು ವಿದೇಶೀ ಮಹಿಳೆಯರನ್ನು ಬಂಧಿಸಿ, ಅವರ ಬಳಿಯಿಂದ 37 ಕಿಲೋಗ್ರಾಮಿಗೂ ಅಧಿಕ ಎಂ.ಡಿ.ಎಂ.ಎ. ಎಂಬ ಮಾದಕ ದ್ರವ್ಯವನ್ನು ವಶಪಡಿಸಿಕೊಂಡ ವಾರ್ತೆ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಅದರ ಬೆಲೆ ಸುಮಾರು 75 ಕೋಟಿ ರೂಪಾಯಿ ಎಂದು ಅಂದಾಜಿಸಲಾಗಿತ್ತು. ನಮ್ಮ ದೇಶದ ಕಾನೂನಿನ ಪ್ರಕಾರ ಈ ದ್ರವ್ಯ ಕೇವಲ 10 ಗ್ರಾಮಿಗಿಂತ ತುಸು ಹೆಚ್ಚು ಕೈಯಲ್ಲಿದ್ದರೂ ಅದು ವಾಣಿಜ್ಯ ಪ್ರಮಾಣವೆನಿಸಿ, ಕನಿಷ್ಠ 10 ವರ್ಷಗಳ ಕಠಿಣ ಸೆರೆವಾಸಕ್ಕೆ ಕಾರಣವಾಗುತ್ತದೆ ಎಂಬುದನ್ನು ನೆನೆದರೆ, ಆ ಪೆಟ್ಟಿಗೆಗಳಲ್ಲಿ ಏನಿತ್ತು ಎಂಬುದರ ಕಲ್ಪನೆ ಬರಬಹುದು. ಆ ವಾರ್ತೆ ಬಂದ ಮೇಲಿನ ಎಷ್ಟೋ ಭಾನುವಾರಗಳಲ್ಲಿ, ಬಲಿಪೂಜೆಯ ಬಳಿಕ ಇಗರ್ಜಿಯ ಅಂಗಳದಲ್ಲಿ ಹೆತ್ತವರು ನನ್ನನ್ನು ನಿಲ್ಲಿಸಿ ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ: "ಫಾದರ್, ಕಾಲೇಜಿಗೆ ಹೋಗುವ ನಮ್ಮ ಮಕ್ಕಳನ್ನು ಇದರಿಂದ ಕಾಪಾಡುವುದು ಹೇಗೆ?"

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದನ್ನು ಕೇಳುವವರ ದೃಷ್ಟಿಯೆಲ್ಲ ಬೀದಿಯ ಕಡೆಗಿರುತ್ತದೆ. ಮಾದಕ ದ್ರವ್ಯವೆಂದರೆ ಹೊರಗಿನಿಂದ ಬರುವ ಪುಡಿ, ಅಪರಿಚಿತನು ಕೊಡುವ ಪೊಟ್ಟಣ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕೇಂದ್ರ ಸರಕಾರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆ ಬೇರೆಯೇ ಚಿತ್ರವನ್ನು ಕೊಡುತ್ತದೆ. ಅದರಂತೆ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಗಾಂಜಾ, ಭಂಗಿ ಮುಂತಾದವುಗಳನ್ನು ಬಳಸುವವರು ಸುಮಾರು 3 ಕೋಟಿ. ಅಫೀಮು ವರ್ಗದ ದ್ರವ್ಯಗಳನ್ನು ಬಳಸುವವರು 2 ಕೋಟಿಗೂ ಅಧಿಕ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಮದ್ಯದಿಂದ 26 ಲಕ್ಷ ಮಂದಿಯೂ, ಇತರ ಮಾದಕ ದ್ರವ್ಯಗಳಿಂದ 6 ಲಕ್ಷ ಮಂದಿಯೂ ಸಾವನ್ನಪ್ಪಿದರು. ಕಾನೂನು ಯಾವುದನ್ನು ನಿಷೇಧಿಸಿದೆ, ಯಾವುದಕ್ಕೆ ಪರವಾನಿಗೆ ಕೊಟ್ಟಿದೆ ಎಂಬುದು ನಮ್ಮ ಯಕೃತ್ತಿಗಾಗಲಿ ಮಿದುಳಿಗಾಗಲಿ ತಿಳಿಯದು.

ಮಾದಕ ದ್ರವ್ಯಗಳೆಲ್ಲವನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಹೆತ್ತವರಿಗೆ ಪ್ರಯೋಜನವಿಲ್ಲ. ಅವುಗಳ ಸ್ವಭಾವ ಬೇರೆ, ಹಾನಿಯ ರೀತಿ ಬೇರೆ. ಕೆಲವು ನರಮಂಡಲವನ್ನು ಮಂಕುಗೊಳಿಸುತ್ತವೆ. ಮದ್ಯ ಈ ಗುಂಪಿಗೆ ಸೇರಿದ್ದು. ನಿದ್ರೆಗಾಗಿ, ಆತಂಕ ಶಮನಕ್ಕಾಗಿ ವೈದ್ಯರು ಬರೆದುಕೊಡುವ ಆಲ್‌ಪ್ರಜೋಲಾಮ್, ಡಯಾಜಿಪಾಮ್ ಮಾತ್ರೆಗಳೂ ಇದೇ ಗುಂಪಿನವು. ಒಂದೊಂದಾಗಿ ತೆಗೆದುಕೊಂಡಾಗ ನಿದ್ರೆ ತರುವ ಇವೆರಡು ಒಟ್ಟುಗೂಡಿದರೆ ಉಸಿರೇ ನಿಂತುಹೋಗಬಹುದು. ಅಜ್ಜಿಯ ಮೇಜಿನ ಖಾನೆಯಲ್ಲಿರುವ ಮಾತ್ರೆಯ ಪಟ್ಟಿ ಮೊಮ್ಮಗನ ಕೈಸೇರಿದ ಪ್ರಸಂಗಗಳು ನನ್ನ ಗಮನಕ್ಕೇ ಬಂದಿವೆ.

ಅಫೀಮು ಮತ್ತು ಅದರ ಸಂತತಿ ಎರಡನೆಯ ಗುಂಪು. ಹೆರಾಯಿನ್ ಅಥವಾ ಬ್ರೌನ್ ಶುಗರ್ ಇದರಲ್ಲಿ ಕುಖ್ಯಾತವಾದುದು. ಈ ಹೆರಾಯಿನನ್ನು 1898ರಲ್ಲಿ ಜರ್ಮನಿಯ ಪ್ರಸಿದ್ಧ ಔಷಧ ಸಂಸ್ಥೆಯೊಂದು ಕೆಮ್ಮಿನ ಮದ್ದೆಂದು ಮಾರುಕಟ್ಟೆಗೆ ತಂದಿತ್ತು ಎಂಬುದು ಇತಿಹಾಸದ ಒಂದು ವ್ಯಂಗ್ಯ. ಕೊಡೀನ್ ಇರುವ ಕೆಮ್ಮಿನ ಸಿರಪ್, ನೋವಿನ ಮಾತ್ರೆಯಾದ ಟ್ರಮಡಾಲ್ ಇವೂ ಇದೇ ಕುಲದವು. ಟ್ರಮಡಾಲನ್ನು 2018ರಲ್ಲಿ ಮಾದಕ ದ್ರವ್ಯಗಳ ಕಾಯಿದೆಯ ವ್ಯಾಪ್ತಿಗೆ ತರಲಾಯಿತು. ಈ ದ್ರವ್ಯಗಳು ಮಿದುಳಿನಲ್ಲಿ ನೋವನ್ನು ತಡೆಯುವ ಕೇಂದ್ರಗಳೊಡನೆ ಉಸಿರಾಟವನ್ನು ನಡೆಸುವ ಕೇಂದ್ರವನ್ನೂ ಮಲಗಿಸುತ್ತವೆ. ಇಲ್ಲಿ ಕುಟುಂಬದವರು ತಿಳಿದಿರಲೇಬೇಕಾದ ಒಂದು ಸಂಗತಿಯಿದೆ. ಕೆಲವು ವಾರ ದ್ರವ್ಯವನ್ನು ಬಿಟ್ಟವನ ದೇಹ ಅದನ್ನು ತಾಳಿಕೊಳ್ಳುವ ಹಳೆಯ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಅವನು ಮತ್ತೆ ಎಡವಿ ಹಿಂದಿನಷ್ಟೇ ಪ್ರಮಾಣವನ್ನು ತೆಗೆದುಕೊಂಡರೆ ಅದೇ ಅವನ ಕೊನೆಯ ಸೇವನೆಯಾಗಬಹುದು. ಸೆರೆಮನೆಯಿಂದ ಬಂದವರು, ಮನೆಯಲ್ಲಿ ಕೂಡಿಹಾಕಲ್ಪಟ್ಟಿದ್ದವರು ಹೀಗೆಯೇ ಸಾಯುತ್ತಾರೆ.

ಇವುಗಳಿಗೆ ವಿರುದ್ಧವಾಗಿ ಕೊಕೇನ್, ಮೆಥಾಂಫೆಟಮಿನ್ ಮುಂತಾದವು ಕೆರಳಿಸುವ ದ್ರವ್ಯಗಳು. ನಮ್ಮ ತಂಬಾಕಿನ ನಿಕೋಟಿನ್ ಕೂಡ ಆ ಪಂಕ್ತಿಯದೇ. ಎಂ.ಡಿ.ಎಂ.ಎ. ಕೆರಳಿಕೆಯ ಜೊತೆಗೆ ಎಲ್ಲರ ಮೇಲೂ ಪ್ರೀತಿ ಉಕ್ಕುವಂತಹ ಭ್ರಾಂತಿಯನ್ನು ಹುಟ್ಟಿಸುತ್ತದೆ. ರಾತ್ರಿಯಿಡೀ ಕುಣಿದರೂ ದಣಿವು ತಿಳಿಯದು. ದೇಹದ ಉಷ್ಣ ಏರುತ್ತಲೇ ಹೋಗಿ ಮೂತ್ರಪಿಂಡ, ಹೃದಯಗಳು ಕೆಡುತ್ತವೆ. ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಒಮ್ಮೆಗೇ ಸುರಿದುಬಿಡುವುದರಿಂದ ಮುಂದಿನ ದಿನಗಳಲ್ಲಿ ಮನಸ್ಸು ಬರಿದಾದ ಕೊಡದಂತಾಗುತ್ತದೆ. ಎಲ್.ಎಸ್.ಡಿ.ಯಂತಹವು ಇಲ್ಲದ್ದನ್ನು ಕಾಣಿಸುತ್ತವೆ. ಗಾಂಜಾದ ವಿಷಯದಲ್ಲಿ "ಅದು ಬರೀ ಸೊಪ್ಪು" ಎಂಬ ಮಾತನ್ನು ಯುವಕರು ಮಾತ್ರವಲ್ಲ, ಕೆಲವು ತಂದೆಯರೂ ಆಡುವುದನ್ನು ಕೇಳಿದ್ದೇನೆ. ಮನುಷ್ಯನ ಮಿದುಳು ಪೂರ್ಣವಾಗಿ ಬಲಿಯಲು ಇಪ್ಪತ್ತರ ನಡುಪ್ರಾಯದವರೆಗೆ ಕಾಲ ಬೇಕು. ಹದಿನೈದು ಹದಿನಾರರ ಪ್ರಾಯದಲ್ಲಿ ಗಾಂಜಾಕ್ಕೆ ಅಂಟಿಕೊಂಡವರಲ್ಲಿ ಚಿತ್ತವಿಕಾರದ ಅಪಾಯ ಹೆಚ್ಚುತ್ತದೆಂದು ಮನೋವೈದ್ಯರು ಎಚ್ಚರಿಸುತ್ತಾರೆ. ಇನ್ನು ಪಂಕ್ಚರ್ ಸೊಲ್ಯೂಷನ್, ವೈಟ್ನರ್ ಮೊದಲಾದವುಗಳ ಹಬೆಯನ್ನು ಎಳೆಯುವ ಚಟ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡುಬಂದದ್ದು ಇದೊಂದೇ.

ಇಷ್ಟೆಲ್ಲ ವೈವಿಧ್ಯವಿದ್ದರೂ ಇವುಗಳಲ್ಲಿ ಹೆಚ್ಚಿನವು ಕೊನೆಗೆ ಮುಟ್ಟುವುದು ಮಿದುಳಿನ ಒಂದೇ ಕೇಂದ್ರವನ್ನು. ಹಸಿದಾಗ ಉಂಡರೆ, ಮಗುವನ್ನು ಎತ್ತಿಕೊಂಡರೆ ನಮಗೆ ಸುಖವಾಗುವುದು ಅಲ್ಲಿ ಒಸರುವ ಡೋಪಮಿನ್ ಎಂಬ ದ್ರವ್ಯದ ಸಹಾಯದಿಂದ. "ಇದು ಒಳ್ಳೆಯದು, ಮತ್ತೆ ಮಾಡು" ಎಂದು ದೇವರು ದೇಹದಲ್ಲಿಟ್ಟ ಗುರುತು ಅದು. ಮಾದಕ ದ್ರವ್ಯವು ಆ ಗುರುತನ್ನು ಕದ್ದು ತನ್ನ ಮೇಲೆ ಅಂಟಿಸಿಕೊಳ್ಳುತ್ತದೆ. ಕ್ರಮೇಣ ಊಟ, ಮಡದಿ, ಮಕ್ಕಳು, ಪ್ರಾರ್ಥನೆ ಯಾವುದೂ ರುಚಿಸದು. ಆಮೇಲೆ ಕುಡಿಯುವವನು ಸುಖಕ್ಕಾಗಿ ಕುಡಿಯುವುದಿಲ್ಲ. ಕೈನಡುಕ ನಿಲ್ಲಲೆಂದು ಕುಡಿಯುತ್ತಾನೆ.

ಈ ಕೈನಡುಕದ ವಿಷಯದಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಹಲವು ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ತಪಸ್ಸುಕಾಲದ ಮೊದಲ ಶುಕ್ರವಾರ ಒಬ್ಬ ಗೃಹಸ್ಥನನ್ನು ಅವನ ತಾಯಿ ಮತ್ತು ಪತ್ನಿ ನನ್ನ ಬಳಿಗೆ ಕರೆತಂದರು. ಗಲ್ಫಿನಿಂದ ಹಿಂತಿರುಗಿದ ಮೇಲೆ ಬೆಳಗ್ಗಿನಿಂದಲೇ ಕುಡಿಯುತ್ತಿದ್ದವನು. ಅವನಿಗೆ ಪಶ್ಚಾತ್ತಾಪವಿತ್ತು, ಕಣ್ಣಲ್ಲಿ ನೀರಿತ್ತು. ಪಾಪನಿವೇದನೆಯ ನಂತರ ಪರಮಪ್ರಸಾದ ಪೆಟ್ಟಿಗೆಯ ಮುಂದೆ, ಪವಿತ್ರ ಗ್ರಂಥದ ಮೇಲೆ ಕೈಯಿಡಿಸಿ, ಇನ್ನು ಒಂದು ತೊಟ್ಟೂ ಮುಟ್ಟೆನೆಂದು ಪ್ರತಿಜ್ಞೆ ಮಾಡಿಸಿದೆ. ಅವನು ಮಾತಿಗೆ ತಪ್ಪಲಿಲ್ಲ. ಭಾನುವಾರ ರಾತ್ರಿ ಎರಡು ಗಂಟೆಗೆ ಅವರ ಮನೆಯಿಂದ ಫೋನ್ ಬಂತು. ಅವನು ಬೆವರುತ್ತಾ, ಇಲ್ಲದ ಇರುವೆಗಳನ್ನು ಗೋಡೆಯಿಂದ ಹೆಕ್ಕುತ್ತಿದ್ದಾನೆ, ಹೆಂಡತಿಯ ಗುರುತು ಹಿಡಿಯುತ್ತಿಲ್ಲ, ಯಾವುದೋ ದುಷ್ಟಾತ್ಮದ ಕಾಟವಿರಬೇಕು, ಪವಿತ್ರ ಜಲ ತನ್ನಿರಿ ಎಂದು ಅವರ ಮೊರೆ. ನಾನು ಪವಿತ್ರ ಜಲವನ್ನು ತೆಗೆದುಕೊಂಡೇ ಹೊರಟೆ. ನಾನು ತಲಪುವಷ್ಟರಲ್ಲಿ ಅವನಿಗೆ ಸೆಳವು ಬಂದಿತ್ತು. ಜೀಪಿನ ಚಾಲಕ, ನಮ್ಮವನಲ್ಲದ ಒಬ್ಬ ಬಡ ಯುವಕ, ಬಾಗಿಲಲ್ಲೇ ನಿಂತು ನೋಡಿ, "ಫಾದರ್, ಇದು ದೆವ್ವ ಅಲ್ಲ, ಕುಡಿಯೋದು ಬಿಟ್ಟದ್ದು. ನಮ್ಮಣ್ಣನಿಗೂ ಹೀಗೇ ಆಗಿತ್ತು. ಎತ್ತಿ, ಆಸ್ಪತ್ರೆಗೆ ಹೋಗುವ" ಎಂದ. ತತ್ತ್ವಶಾಸ್ತ್ರವನ್ನು ವರ್ಷಗಟ್ಟಲೆ ಓದಿದ ನನಗಿಂತ ಅವನಿಗೆ ಹೆಚ್ಚು ತಿಳಿದಿತ್ತು. ಹನ್ನೆರಡು ದಿನಗಳ ಚಿಕಿತ್ಸೆಯ ಬಳಿಕ ಆ ಗೃಹಸ್ಥ ಬದುಕಿ ಮನೆಗೆ ಬಂದ. ಮೊದಲ ದಿನ ಆಸ್ಪತ್ರೆಯ ವೈದ್ಯರು ಕೇಳಿದ್ದು, "ಒಮ್ಮೆಗೇ ನಿಲ್ಲಿಸಲು ಇವನಿಗೆ ಹೇಳಿದವರು ಯಾರು?" ನಾನೇ ಎಂದು ಹೇಳಬೇಕಾಯಿತು.

ದೀರ್ಘಕಾಲ ಅತಿಯಾಗಿ ಕುಡಿದವನ ನರಮಂಡಲ ಮದ್ಯದ ಒತ್ತಡಕ್ಕೆ ಎದುರಾಗಿ ಸದಾ ಬಿಗಿದುಕೊಂಡಿರುತ್ತದೆ. ಒತ್ತಡವನ್ನು ಹಠಾತ್ತನೆ ತೆಗೆದರೆ ಅದು ಸ್ಪ್ರಿಂಗಿನಂತೆ ಸಿಡಿಯುತ್ತದೆ. ಕೆಲವೇ ಗಂಟೆಗಳಲ್ಲಿ ನಡುಕ, ಮೊದಲ ಎರಡು ದಿನಗಳೊಳಗೆ ಸೆಳವು, ಎರಡು ಮೂರು ದಿನಗಳ ಹೊತ್ತಿಗೆ ಸನ್ನಿ. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೇ ಅಪಾಯ. ನಿದ್ರೆ ಮಾತ್ರೆಗಳ ವ್ಯಸನದಲ್ಲೂ ಹೀಗೆಯೇ. ಆದುದರಿಂದ ದಿನವಿಡೀ ಕುಡಿಯುವ ಮಗನನ್ನು ಕೋಣೆಯಲ್ಲಿ ಕೂಡಿಹಾಕಿ ಬೀಗ ಜಡಿಯುವ ಹೆತ್ತವರು, ಹರಕೆಗೆ ಕರೆದೊಯ್ಯುವ ಬಂಧುಗಳು, ಪ್ರತಿಜ್ಞೆ ಮಾಡಿಸುವ ಗುರುಗಳು ಎಲ್ಲರೂ ಮೊದಲು ವೈದ್ಯರನ್ನು ಕಾಣಬೇಕು. ಹರಕೆ, ಪ್ರತಿಜ್ಞೆಗಳಿಗೆ ಆಮೇಲೆ ಸ್ಥಳವಿದೆ.

ಹಾಗಾದರೆ ವ್ಯಸನವು ಪಾಪವೋ ರೋಗವೋ? ಈ ಪ್ರಶ್ನೆಯನ್ನು ಯುವಜನರು ನನ್ನಲ್ಲಿ ಕೇಳುವುದುಂಟು. ತಿಳಿದೂ ತಿಳಿದೂ ಮನುಷ್ಯನು ತನಗೆ ಕೇಡಾದುದನ್ನೇ ಏಕೆ ಮಾಡುತ್ತಾನೆ ಎಂಬುದನ್ನು ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಏಳನೆಯ ಭಾಗದಲ್ಲಿ ಚರ್ಚಿಸಿದ್ದಾನೆ. ಸಂತ ಅಗಸ್ಟೀನರು ತಮ್ಮದೇ ಬದುಕನ್ನು ಮುಂದಿಟ್ಟು, ಸ್ವೇಚ್ಛೆಯಿಂದ ಆರಂಭವಾದುದು ಅಭ್ಯಾಸವಾಗಿ, ಅಭ್ಯಾಸ ಕೊನೆಗೆ ಸಂಕೋಲೆಯಾಗುವ ಬಗೆಯನ್ನು ವಿವರಿಸಿದರು. ಧರ್ಮಸಭೆಯ ಧರ್ಮೋಪದೇಶ ಗ್ರಂಥವು 2291ನೆಯ ಪರಿಚ್ಛೇದದಲ್ಲಿ ಮಾದಕ ದ್ರವ್ಯಗಳ ಬಳಕೆಯನ್ನು, ಚಿಕಿತ್ಸೆಯ ಉದ್ದೇಶವನ್ನು ಬಿಟ್ಟರೆ, ಗುರುತರ ಅಪರಾಧವೆಂದೇ ಹೇಳುತ್ತದೆ. ಆದರೆ ಅದೇ ಗ್ರಂಥ 1735ನೆಯ ಪರಿಚ್ಛೇದದಲ್ಲಿ ಅಭ್ಯಾಸಬಲ, ಮಾನಸಿಕ ಕಾರಣಗಳು ಮುಂತಾದವು ಮನುಷ್ಯನ ಹೊಣೆಗಾರಿಕೆಯನ್ನು ಕುಗ್ಗಿಸಬಹುದೆಂದು ಒಪ್ಪಿಕೊಳ್ಳುತ್ತದೆ. ಮೊದಲ ಗುಟುಕಿನಲ್ಲಿ ಇದ್ದಷ್ಟು ಸ್ವಾತಂತ್ರ್ಯ ಸಾವಿರದ ಗುಟುಕಿನಲ್ಲಿ ಇರುವುದಿಲ್ಲ. ಉಳಿದಿರುವ ಆ ಚೂರು ಸ್ವಾತಂತ್ರ್ಯವನ್ನು ಅವನು ಚಿಕಿತ್ಸೆಗೆ ಒಪ್ಪಿಕೊಳ್ಳಲು ಬಳಸಿದರೆ, ಅಷ್ಟನ್ನೇ ನಾವು ಅವನಿಂದ ಮೊದಲು ಕೇಳಬೇಕಾದದ್ದು.

ಚೀನಾ ದೇಶದ ಸಂತ ಮಾರ್ಕ್ ಜಿ ಟಿಯಾನ್‌ಶಿಯಾಂಗ್ ಅವರ ಹೆಸರು ನಮ್ಮಲ್ಲಿ ಹೆಚ್ಚು ಪರಿಚಿತವಲ್ಲ. ಅವರು ವೈದ್ಯರಾಗಿದ್ದರು. ಹೊಟ್ಟೆಯ ಬೇನೆಗೆಂದು ಅಫೀಮನ್ನು ತೆಗೆದುಕೊಳ್ಳಲಾರಂಭಿಸಿ ಅದಕ್ಕೆ ದಾಸರಾದರು. ಮತ್ತೆ ಮತ್ತೆ ಪಾಪನಿವೇದನೆಗೆ ಬಂದರೂ ಅವರಲ್ಲಿ ತಿದ್ದಿಕೊಳ್ಳುವ ನಿಜ ಸಂಕಲ್ಪವಿಲ್ಲವೆಂದು ಗುರುಗಳು ಕ್ಷಮಾದಾನವನ್ನು ನಿರಾಕರಿಸಿದರು. ಸುಮಾರು ಮೂವತ್ತು ವರ್ಷ ಸಂಸ್ಕಾರಗಳಿಲ್ಲದೆ ಅವರು ಇಗರ್ಜಿಗೆ ಬರುತ್ತಲೇ ಇದ್ದರು. ಅಫೀಮು ಮಾತ್ರ ಬಿಡಲಿಲ್ಲ. 1900ರ ಬಾಕ್ಸರ್ ದಂಗೆಯಲ್ಲಿ ಕುಟುಂಬ ಸಮೇತ ಹಿಡಿಯಲ್ಪಟ್ಟಾಗ, ತನ್ನವರಲ್ಲಿ ಯಾರೂ ಒಂಟಿಯಾಗಿ ಸಾಯಬಾರದೆಂದು ತನ್ನನ್ನು ಕೊನೆಗೆ ಕೊಲ್ಲುವಂತೆ ಕೇಳಿಕೊಂಡರು. 2000ದ ಅಕ್ಟೋಬರ್ 1ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಇತರ ಚೀನೀ ರಕ್ತಸಾಕ್ಷಿಗಳೊಡನೆ ಸಂತರ ಪದವಿಗೇರಿಸಿದರು. ಅವರ ಪಾಪನಿವೇದನೆ ಕೇಳುತ್ತಿದ್ದ ಗುರುಗಳನ್ನು ನಾನು ದೂಷಿಸಲಾರೆ. ವ್ಯಸನವು ರೋಗವೆಂಬ ಅರಿವು ಅವರ ಕಾಲಕ್ಕಿರಲಿಲ್ಲ. ನಮಗೆ ಆ ನೆಪವಿಲ್ಲ.

ನಮ್ಮ ಕುಟುಂಬಗಳಲ್ಲಿ ಚಿಕಿತ್ಸೆಗೆ ದೊಡ್ಡ ಅಡ್ಡಿ ಹಣವಲ್ಲ, ನಾಚಿಕೆ. ಮಗಳ ಮದುವೆಯ ಮಾತುಕತೆ ನಡೆಯುತ್ತಿದೆ, ಊರಿಗೆ ತಿಳಿದರೆ ಹೇಗೆ ಎಂದು ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆಯೆಂದು ಅದೇ 2019ರ ಸಮೀಕ್ಷೆ ಹೇಳುತ್ತದೆ. ಗಾಂಜಾ, ಎಂ.ಡಿ.ಎಂ.ಎ.ಗಳ ವಿಷಯದಲ್ಲಿ ನಾಚಿಕೆಯೊಡನೆ ಪೊಲೀಸರ ಭಯವೂ ಸೇರುತ್ತದೆ. 1985ರ ಮಾದಕ ದ್ರವ್ಯಗಳ ಕಾಯಿದೆಯಲ್ಲಿ 64ಎ ಎಂಬ ಒಂದು ಕಲಮು ಇದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪಕ್ಕೊಳಗಾದ ವ್ಯಸನಿ ತಾನಾಗಿಯೇ ಸರಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಒಳಗಾದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆಯಿದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. ಮಾರಾಟ ಮಾಡುವವನಿಗೆ ಈ ರಿಯಾಯಿತಿ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446ಕ್ಕೆ ಹೆಸರು ಹೇಳದೆಯೂ ಕರೆ ಮಾಡಬಹುದು. ಚಿಕಿತ್ಸೆ ಮುಗಿಸಿ ಬಂದವನು ಮತ್ತೆ ಒಮ್ಮೆ ಎಡವಿದರೆ ಎಲ್ಲವೂ ವ್ಯರ್ಥವಾಯಿತೆಂದು ತಿಳಿಯಬೇಡಿ. ಮಧುಮೇಹಿಯ ಸಕ್ಕರೆ ಏರಿದಾಗ ನಾವು ಅವನನ್ನು ಮನೆಯಿಂದ ಹೊರಗೆ ಹಾಕುವುದಿಲ್ಲವಲ್ಲ.

ಇನ್ನು ನಮ್ಮ ಮನೆಯ ಸಮಾರಂಭಗಳ ವಿಚಾರ. ರೋಸಿನ ಸಂಜೆ ತೆಂಗಿನ ಹಾಲಿಗಿಂತ ಹೆಚ್ಚಾಗಿ ಹರಿಯುವುದು ಏನೆಂದು ಎಲ್ಲರಿಗೂ ಗೊತ್ತು. ಮಾತು ತೆಗೆದ ಕೂಡಲೇ ಯಾರಾದರೊಬ್ಬರು ಕಾನಾ ಊರಿನ ಮದುವೆಯನ್ನು ನೆನಪಿಸುತ್ತಾರೆ. ಧರ್ಮಸಭೆ ಮದ್ಯವನ್ನೇ ಪಾಪವೆಂದಿಲ್ಲ ಎಂಬುದು ನಿಜ; ಮಿತಿಮೀರಿದ ಸೇವನೆಯನ್ನು ಅದು ಖಂಡಿಸುತ್ತದೆ. ಆದರೆ ಹದಿನಾಲ್ಕರ ಹುಡುಗನ ಕೈಗೆ ಚಿಕ್ಕಪ್ಪನೇ ತಮಾಷೆಗೆಂದು ಗ್ಲಾಸು ಕೊಡುವುದನ್ನು ಕಾನಾದ ಲೆಕ್ಕಕ್ಕೆ ಸೇರಿಸಲಾಗದು. ಮೇಲೆ ಹೇಳಿದ ಗೃಹಸ್ಥ ಚಿಕಿತ್ಸೆಯಾದ ಆರು ತಿಂಗಳಿಗೆ ತನ್ನ ತಂಗಿಯ ಮಗಳ ರೋಸಿಗೆ ಹೋಗದೆ ಮನೆಯಲ್ಲೇ ಉಳಿದ. ಅಹಂಕಾರವೆಂದು ಬಂಧುಗಳು ಮುನಿಸಿಕೊಂಡರು.

ನಮ್ಮ ಧರ್ಮಕೇಂದ್ರದ ಸಭಾಂಗಣದಲ್ಲಿ ಮದ್ಯ ಹಂಚುವುದನ್ನು ನಿಲ್ಲಿಸುವ ಪ್ರಸ್ತಾಪವನ್ನು ಮುಂದಿನ ಪಾಲನಾ ಮಂಡಳಿಯ ಸಭೆಯಲ್ಲಿ ಇಡಲಿದ್ದೇನೆ. ಬಾಡಿಗೆಗೆ ಬರುವ ಮದುವೆಗಳು ಕಡಿಮೆಯಾಗುತ್ತವೆಂದು ಖಜಾಂಚಿಯವರು ಈಗಾಗಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಅವರ ಲೆಕ್ಕ ಸರಿಯಾಗಿಯೇ ಇದೆ. ಛಾವಣಿಯ ದುರಸ್ತಿಯ ಸಾಲವೂ ತೀರಿಲ್ಲ. ಆದರೂ ಪ್ರಸ್ತಾಪವನ್ನು ಇಡುತ್ತೇನೆ.