ಶಟೌಟಿನ ದಾಖಲೆಗಳು ಅಗ್ಗವೇ?

ಅಮೆರಿಕದ ಬೇಸ್‌ಬಾಲ್ ಚರಿತ್ರೆಯನ್ನು ಕುರಿತು ಬರೆಯುವವರಲ್ಲಿ ಒಂದು ವಾದ ಬೇರೂರಿಬಿಟ್ಟಿದೆ. 1893ಕ್ಕೆ ಮುಂಚಿನ ದಾಖಲೆಗಳನ್ನು ಲೆಕ್ಕಕ್ಕೆ ಹಿಡಿಯಬಾರದು, ಅಂದಿನ ಆಟವೇ ಬೇರೆ ಎಂಬುದೇ ಆ ವಾದ. ಪಿಚರ್ ಚೆಂಡೆಸೆಯುವ ದೂರವನ್ನು ಆ ವರ್ಷ 60 ಅಡಿ 6 ಅಂಗುಲಕ್ಕೆ ಹೆಚ್ಚಿಸಲಾಯಿತೆಂಬುದು ನಿಜ. ಆದರೆ ಅದಕ್ಕೆ ಮೊದಲಿನವರ ಸಾಧನೆಯೆಲ್ಲ ಅಗ್ಗದ್ದೆಂಬ ಧೋರಣೆಯನ್ನು ನಾನು ಒಪ್ಪಲಾರೆ. ಶಟೌಟಿನ ವಿಷಯದಲ್ಲಂತೂ ಅದು ಅನ್ಯಾಯವೇ ಸರಿ.

ಶಟೌಟ್ ಎಂದರೆ ಒಬ್ಬನೇ ಪಿಚರ್ ಇಡೀ ಪಂದ್ಯವನ್ನು ಎಸೆದು, ಎದುರಾಳಿಗೆ ಒಂದು ರನ್ನನ್ನೂ ಬಿಟ್ಟುಕೊಡದಿರುವುದು. ನ್ಯಾಷನಲ್ ಲೀಗಿನ ಮೊದಲ ವರ್ಷವಾದ 1876ರಲ್ಲಿ ಸೇಂಟ್ ಲೂಯಿಸ್ ತಂಡದ ಜಾರ್ಜ್ ಬ್ರಾಡ್ಲಿ 64 ಪಂದ್ಯಗಳಲ್ಲಿ 16 ಶಟೌಟುಗಳನ್ನು ಸಾಧಿಸಿದನು. ನಾಲ್ಕು ಪಂದ್ಯಗಳಿಗೆ ಒಂದು! 1916ರಲ್ಲಿ ಫಿಲಡೆಲ್ಫಿಯ ತಂಡದ ಗ್ರೋವರ್ ಕ್ಲೀವ್‌ಲ್ಯಾಂಡ್ ಅಲೆಕ್ಸಾಂಡರ್ ಅದನ್ನು ಸರಿಗಟ್ಟಿದನು; ಮೀರಿದವರು ಇಂದಿಗೂ ಇಲ್ಲ.

'ಬ್ರಾಡ್ಲಿ ಎಸೆದದ್ದು ಕೇವಲ 45 ಅಡಿಯಿಂದ' ಎನ್ನುತ್ತಾರೆ. ಹೌದು. ಆದರೆ ಉಳಿದ ನಿಯಮಗಳನ್ನೇಕೆ ಹೇಳುವುದಿಲ್ಲ? ಆಗ ಕೈಯನ್ನು ಸೊಂಟಕ್ಕಿಂತ ಮೇಲೆತ್ತಿ ಎಸೆಯುವಂತಿರಲಿಲ್ಲ. ಚೆಂಡು ಎತ್ತರದಲ್ಲಿ ಬರಲಿ ಅಥವಾ ತಗ್ಗಿನಲ್ಲಿ ಬರಲಿ ಎಂದು ಕೇಳುವ ಹಕ್ಕು ಬ್ಯಾಟುಗಾರನಿಗಿತ್ತು. ಅದು ರದ್ದಾದದ್ದು 1887ರಲ್ಲಿ. ಎಲ್ಲಕ್ಕಿಂತ ಮುಖ್ಯವಾಗಿ, ಕ್ಷೇತ್ರರಕ್ಷಕರಲ್ಲಿ ಬಹುಪಾಲು ಜನ ಬರಿಗೈಯಲ್ಲೇ ಚೆಂಡು ಹಿಡಿಯಬೇಕಾಗಿತ್ತು. ಕೈತಪ್ಪುವುದು ನಿತ್ಯದ ಮಾತು. ಆ ವರ್ಷ ಸೇಂಟ್ ಲೂಯಿಸ್ ತಂಡ ಬಿಟ್ಟುಕೊಟ್ಟ 229 ರನ್‌ಗಳಲ್ಲಿ ಬ್ರಾಡ್ಲಿಯ ಹೊಣೆಗೆ ಸೇರಿದವು 78 ಮಾತ್ರ. ಪಿಚರನ ಸರಾಸರಿಯನ್ನು ಲೆಕ್ಕ ಹಾಕುವಾಗ ಜೊತೆಗಾರರ ತಪ್ಪಿನಿಂದ ಬಂದ ರನ್ನನ್ನು ಕಳೆದುಬಿಡುತ್ತಾರೆ. ಶಟೌಟಿಗೆ ಆ ರಿಯಾಯಿತಿಯಿಲ್ಲ. ಯಾರ ಕೈಯಿಂದ ಚೆಂಡು ಜಾರಿ ರನ್ ಬಂದರೂ ಅದು ಕೈಬಿಟ್ಟಂತೆಯೇ.

ಉಪಾಧ್ಯಾಯನಾಗಿ ನಾನು ಕಲಿತದ್ದಿಷ್ಟು: ಹಳೆಯ ವಿದ್ಯಾರ್ಥಿಯ ಅಂಕವನ್ನು ಹಳಿಯುವ ಮೊದಲು ಅವನು ಬರೆದ ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಬೇಕು. ಸುಲಭವಾದ ಪ್ರಶ್ನೆಯನ್ನಷ್ಟೇ ಎತ್ತಿ ತೋರಿಸುವುದು ಪ್ರಾಮಾಣಿಕತೆಯಲ್ಲ.

ಈ ಅಸಡ್ಡೆಯ ಫಲವನ್ನು ಉಂಡವರು ಆಟಗಾರರು. ಪಡ್ ಗ್ಯಾಲ್ವಿನ್ 1884ರಲ್ಲಿ ಬಫಲೋ ತಂಡಕ್ಕಾಗಿ 12 ಶಟೌಟುಗಳನ್ನು ಗಳಿಸಿದನು. ಒಟ್ಟು 57 ಶಟೌಟುಗಳೊಡನೆ ಆ ಶತಮಾನದ ಪಿಚರುಗಳಲ್ಲಿ ಅಗ್ರಗಣ್ಯನಾದನು. ಎಸೆದ ಇನಿಂಗ್ಸುಗಳು 6000ಕ್ಕೂ ಹೆಚ್ಚು. 1902ರಲ್ಲಿ ಬಡತನದಲ್ಲೇ ತೀರಿಕೊಂಡನು. ಹಾಲ್ ಆಫ್ ಫೇಮ್ ಅವನನ್ನು ಸೇರಿಸಿಕೊಂಡದ್ದು 1965ರಲ್ಲಿ, ಸತ್ತು 63 ವರ್ಷಗಳಾದ ಮೇಲೆ. ಅಲೆಕ್ಸಾಂಡರನಿಗೆ 1938ರಲ್ಲೇ ಆ ಗೌರವ ಸಂದಿತ್ತು. ಅದೇ 16ರ ದಾಖಲೆಯ ಬ್ರಾಡ್ಲಿಗೆ ಅಲ್ಲಿ ಇನ್ನೂ ಸ್ಥಾನವಿಲ್ಲ.

ಒಂದೇ ವರ್ಷದ ಸಾಧನೆಗಾಗಿ ಅವನನ್ನು ಆ ಮಂದಿರದಲ್ಲಿ ಕೂರಿಸಿರೆಂದು ನಾನು ಹಟ ಹಿಡಿಯುವುದಿಲ್ಲ. ಅಂಕಿಯ ಪಕ್ಕದಲ್ಲಿ 45 ಅಡಿ ಎಂಬ ಟಿಪ್ಪಣಿ ಬರೆಯುವವರು ಅದರ ಜೊತೆಗೇ 'ಬರಿಗೈ' ಎಂದೂ ಬರೆಯಲಿ. ನನ್ನ ಬೇಡಿಕೆ ಇಷ್ಟೇ.